ಸರ್ ಜಾನ್ ಚಾರ್ನ್ಲಿ

ನಮ್ಮ ತೊಡೆಯೆಲುಬಿನ ಮೇಲ್ತುದಿ ಚೆಂಡಿನಂತೆ ದುಂಡಗಿದೆ. ಸೊಂಟದ ಎಲುಬಿನಲ್ಲಿ ಆ ಚೆಂಡು ಕೂರುವುದಕ್ಕೆ ತಕ್ಕ ಬಟ್ಟಲಿನಂತಹ ಗುಳಿಯಿದೆ. ಚೆಂಡಿನ ಮೇಲೂ ಬಟ್ಟಲಿನ ಒಳಗೂ ನುಣುಪಾದ ಮೃದ್ವಸ್ಥಿಯ ಹೊದಿಕೆ. ನಡುವೆ ಒಂದಿಷ್ಟು ಜಿಗುಟಾದ ದ್ರವ. ನಾವು ಕುಳಿತಾಗ, ಎದ್ದಾಗ, ಮೆಟ್ಟಿಲು ಹತ್ತಿದಾಗ ಈ ಚೆಂಡು ಆ ಬಟ್ಟಲಿನಲ್ಲಿ ಸದ್ದಿಲ್ಲದೆ ಹೊರಳುತ್ತದೆ. ಆರೋಗ್ಯವಂತನಿಗೆ ಅಲ್ಲೊಂದು ಕೀಲಿದೆಯೆಂಬುದೇ ಅರಿವಿಗೆ ಬರುವುದಿಲ್ಲ. ಆದರೆ ಸಂಧಿವಾತದಿಂದಲೋ ವಯಸ್ಸಿನಿಂದಲೋ ಆ ಹೊದಿಕೆ ಸವೆದುಹೋಯಿತೆಂದರೆ ಎಲುಬಿಗೆ ಎಲುಬು ಉಜ್ಜತೊಡಗುತ್ತದೆ. ಆಗ ಒಂದೊಂದು ಹೆಜ್ಜೆಯೂ ಯಾತನೆ. ರಾತ್ರಿ ಮಗ್ಗುಲು ಬದಲಿಸುವುದೂ ಯಾತನೆ. 1950ರ ದಶಕದವರೆಗೂ ಇಂತಹ ರೋಗಿಗೆ ವೈದ್ಯರು ಮಾಡಬಹುದಾಗಿದ್ದುದು ಅಲ್ಪ. ಕೀಲಿನ ಎಲುಬುಗಳನ್ನು ಒಂದಕ್ಕೊಂದು ಬೆಸೆದುಬಿಟ್ಟರೆ ನೋವು ನಿಲ್ಲುತ್ತಿತ್ತು, ಆದರೆ ಕಾಲು ಮರದ ದಿಮ್ಮಿಯಂತೆ ಸೆಟೆದುಕೊಳ್ಳುತ್ತಿತ್ತು. ಹೊಸ ಕೀಲನ್ನೇ ಮಾಡಿ ಕೂರಿಸುವ ಪ್ರಯತ್ನಗಳು ಹಲವು ನಡೆದಿದ್ದವು. ಬಹುಕಾಲ ಬಾಳಿದವು ಕಡಿಮೆ. ಈ ಸ್ಥಿತಿಯನ್ನು ಬದಲಾಯಿಸಿದವರು ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಚಾರ್ನ್ಲಿ.

ಚಾರ್ನ್ಲಿಯವರು 1911ನೆಯ ಇಸವಿ ಆಗಸ್ಟ್ 29ರಂದು ಲ್ಯಾಂಕಷೈರ್ ಪ್ರಾಂತದ ಬರಿ ಎಂಬ ಊರಿನಲ್ಲಿ ಜನಿಸಿದರು. ಆ ಪ್ರಾಂತವೆಲ್ಲ ಹತ್ತಿಯ ಗಿರಣಿಗಳ ನಾಡು. ಎಲ್ಲಿ ನೋಡಿದರೂ ಹೊಗೆಕೊಳವೆ, ಎಲ್ಲಿ ಕೇಳಿದರೂ ಮಗ್ಗದ ಸದ್ದು. ತಂದೆ ಔಷಧದ ಅಂಗಡಿ ಇಟ್ಟಿದ್ದರು. ತಾಯಿ ದಾದಿಯ ತರಬೇತಿ ಪಡೆದಿದ್ದವರು. ಬರಿಯ ಗ್ರಾಮರ್ ಶಾಲೆಯಲ್ಲಿ ಓದಿ, 1929ರಲ್ಲಿ ಮ್ಯಾಂಚೆಸ್ಟರಿನ ವೈದ್ಯಕೀಯ ಶಾಲೆಯನ್ನು ಸೇರಿ, 1935ರಲ್ಲಿ ಪದವಿ ಪಡೆದರು. ಮರುವರ್ಷವೇ, ಇಪ್ಪತ್ತೈದನೆಯ ವಯಸ್ಸಿನಲ್ಲಿ, ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಫೆಲೋ ಆದರು. ಅದು ಸಣ್ಣ ಸಾಧನೆಯಲ್ಲ.

1940ರಲ್ಲಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅವರು ಸೈನ್ಯದ ವೈದ್ಯದಳವನ್ನು ಸೇರಿದರು. ಡನ್‌ಕರ್ಕ್ ಕಡಲತೀರದಿಂದ ಸೈನಿಕರನ್ನು ಪಾರುಮಾಡಿ ತಂದ ಕಾರ್ಯದಲ್ಲಿ ಭಾಗಿಯಾದರು. ಆಮೇಲೆ ಈಜಿಪ್ಟಿಗೆ ಹೋದರು. ಅಲ್ಲಿ ಮುರಿದ ಕೈಕಾಲುಗಳಿಗೆ ಬೇಕಾದ ಆಧಾರಪಟ್ಟಿಗಳನ್ನೂ ಉಪಕರಣಗಳನ್ನೂ ತಯಾರಿಸುವ ಕಾರ್ಯಾಗಾರದ ಹೊಣೆ ಅವರ ಪಾಲಿಗೆ ಬಂತು. ಕಬ್ಬಿಣ, ತಿರುಪು, ಅರ, ಲೇತ್ ಯಂತ್ರ ಇವುಗಳ ಒಡನಾಟ ಅವರಿಗೆ ಬಲು ಹಿಡಿಸಿತು. ಮುಂದೆ ಮನೆಯಲ್ಲಿಯೂ ಒಂದು ಕಾರ್ಯಾಗಾರವನ್ನು ಇಟ್ಟುಕೊಂಡರು. ಶಸ್ತ್ರವೈದ್ಯನ ಕೈಯೂ ಬಡಗಿ ಕಮ್ಮಾರರ ಕೈಯೂ ಒಬ್ಬರಲ್ಲೇ ಕೂಡಿಬಂದದ್ದು ಅವರ ಜೀವನದ ದಿಕ್ಕನ್ನು ನಿರ್ಧರಿಸಿತೆಂದು ನನ್ನ ಭಾವನೆ.

ಯುದ್ಧಾನಂತರ ಕೆಲವು ತಿಂಗಳು ಆಸ್ವೆಸ್ಟ್ರಿ ಎಂಬಲ್ಲಿಯ ಮೂಳೆ ಆಸ್ಪತ್ರೆಯಲ್ಲಿ ಅವರು ಕೆಲಸಮಾಡಿದರು. ಒಂದೆಡೆಯಿಂದ ತೆಗೆದು ಇನ್ನೊಂದೆಡೆ ನಾಟಿದ ಎಲುಬಿನ ಚೂರು ಹೇಗೆ ಬೆಳೆಯುತ್ತದೆಂಬ ಪ್ರಶ್ನೆ ಆಗ ಅವರನ್ನು ಕಾಡುತ್ತಿತ್ತು. ಅದನ್ನು ಪರೀಕ್ಷಿಸಲು ಅವರು ಹುಡುಕಿದ ದೇಹ ತಮ್ಮದೇ. ಸಹೋದ್ಯೋಗಿಯೊಬ್ಬರಿಂದ ತಮ್ಮ ಮೊಳಕಾಲಿನ ಕೆಳಗಿನ ಎಲುಬಿಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಗಾಯಕ್ಕೆ ನಂಜೇರಿ ಎಲುಬಿಗೂ ಹರಡಿತು. ಅವರು ಬಹಳ ನರಳಬೇಕಾಯಿತು. ಇದನ್ನು ಸಾಹಸವೆನ್ನಬೇಕೋ ದುಡುಕೆನ್ನಬೇಕೋ ಹೇಳುವುದು ಕಷ್ಟ. ಈ ಸ್ವಭಾವ ಮಾತ್ರ ಅವರನ್ನು ಕಡೆತನಕ ಬಿಡಲಿಲ್ಲ.

ಮ್ಯಾಂಚೆಸ್ಟರಿಗೆ ಮರಳಿದ ಮೇಲೆ ಮೂಳೆ ಮುರಿತದ ಚಿಕಿತ್ಸೆಯನ್ನು ಕುರಿತು 1950ರಲ್ಲಿ ಅವರು ಪ್ರಕಟಿಸಿದ ಗ್ರಂಥ ವೈದ್ಯಲೋಕದಲ್ಲಿ ಹೆಸರು ತಂದಿತು. ಅಷ್ಟಕ್ಕೇ ತೃಪ್ತರಾಗಿದ್ದರೆ ಒಳ್ಳೆಯ ವೈದ್ಯರೆಂದು ಮಾತ್ರ ಉಳಿಯುತ್ತಿದ್ದರು. ಆದರೆ ಒಂದು ದಿನ ಒಬ್ಬ ರೋಗಿ ಬಂದ. ಆತನ ತೊಡೆಯ ಕೀಲಿಗೆ ಬೇರೊಬ್ಬ ವೈದ್ಯರು ಅಕ್ರಿಲಿಕ್ ಎಂಬ ಪ್ಲಾಸ್ಟಿಕ್ಕಿನ ಚೆಂಡನ್ನು ಕೂರಿಸಿದ್ದರು. ಪ್ಯಾರಿಸ್ಸಿನ ಜ್ಯೂಡೆ ಸೋದರರು ರೂಢಿಗೆ ತಂದ ವಿಧಾನ ಅದು. ನೋವೇನೋ ಕಡಿಮೆಯಾಗಿತ್ತು, ಆದರೆ ಆತ ಮುಂದಕ್ಕೆ ಬಾಗಿದಾಗಲೆಲ್ಲ ಕೀಲು ಕಿರ್ ಎಂದು ಸದ್ದುಮಾಡುತ್ತಿತ್ತು. ಆ ಸದ್ದನ್ನು ತಾಳಲಾರದೆ ಹೆಂಡತಿ ಊಟದ ಮೇಜು ಬಿಟ್ಟು ಎದ್ದುಹೋಗುತ್ತಿದ್ದಳಂತೆ. ಕೇಳಿದವರಿಗೆ ಇದು ನಗೆಯ ಸಂಗತಿ. ಚಾರ್ನ್ಲಿಯವರಿಗೆ ನಗು ಬರಲಿಲ್ಲ. ಕೀಲೆಣ್ಣೆ ಇಲ್ಲದ ಗಾಡಿಯ ಗುಂಬ ಕಿರುಗುಟ್ಟುವುದು ಏತಕ್ಕೆ? ಘರ್ಷಣೆ ಹೆಚ್ಚಾದುದರಿಂದ. ಹಾಗಾದರೆ ಈ ಕೀಲಿನಲ್ಲಿಯೂ ಘರ್ಷಣೆ ಅತಿಯಾಗಿರಬೇಕು. ಸದ್ದು ಕೆಲವು ದಿನಗಳಲ್ಲಿ ನಿಂತರೂ ಘರ್ಷಣೆ ನಿಲ್ಲದು. ಹೆಜ್ಜೆಹೆಜ್ಜೆಗೂ ಅದು ಚೆಂಡನ್ನು ತಿರುಚಿ ತಿರುಚಿ ಎಲುಬಿನಿಂದ ಸಡಿಲಿಸುತ್ತದೆ. ಕೃತಕ ಕೀಲುಗಳು ಏಕೆ ಸೋಲುತ್ತವೆಂಬುದರ ಮೂಲ ಅವರಿಗೆ ಆ ಕಿರುಗುಟ್ಟುವಿಕೆಯಲ್ಲಿ ಕಾಣಿಸಿತು.

ಅವರು ಮೊದಲು ಪ್ರಕೃತಿಯ ಕೀಲನ್ನೇ ಅಳೆದರು. ರೋಗದ ಕಾರಣದಿಂದ ಆಗತಾನೆ ಕತ್ತರಿಸಬೇಕಾಗಿ ಬಂದ ಕಾಲಿನ ಕೀಲನ್ನು ಪರೀಕ್ಷೆಗೆ ಒಡ್ಡಿದಾಗ, ಅದರ ಘರ್ಷಣೆ ಮಂಜುಗಡ್ಡೆಯ ಮೇಲೆ ಜಾರುವ ಲೋಹದ ಪಟ್ಟಿಯ ಘರ್ಷಣೆಗಿಂತಲೂ ಕಡಿಮೆಯೆಂದು ಕಂಡುಬಂತು. ಮೃದ್ವಸ್ಥಿಗೂ ಕೀಲಿನ ದ್ರವಕ್ಕೂ ಇರುವ ಹೊಂದಾಣಿಕೆ ಅಂಥದು. ಆದರೆ ಅದೇ ದ್ರವ ಲೋಹಕ್ಕೋ ಅಕ್ರಿಲಿಕ್ಕಿಗೋ ಹಾಗೆ ಒದಗಿಬರುವುದಿಲ್ಲ. ಆದುದರಿಂದ ಕೃತಕ ಕೀಲನ್ನು ಮಾಡಬೇಕಾದರೆ, ಎಣ್ಣೆಯ ಹಂಗಿಲ್ಲದೆ ತಾನೇ ಜಾರುವ ಪದಾರ್ಥವೊಂದು ಬೇಕು ಎಂದು ಅವರು ನಿರ್ಧರಿಸಿದರು. ಅಲ್ಲಿಂದ ಮುಂದಿನ ಅವರ ಜೀವನವೆಲ್ಲ ಆ ಪದಾರ್ಥದ ಅನ್ವೇಷಣೆಯೆಂದರೂ ತಪ್ಪಿಲ್ಲ.

ಅನ್ವೇಷಣೆಗೆ ಅವರು ಆರಿಸಿಕೊಂಡ ಸ್ಥಳ ರೈಟಿಂಗ್‌ಟನ್. ವಿಗನ್ ಪಟ್ಟಣದ ಸಮೀಪದ ಈ ಆಸ್ಪತ್ರೆ ಮೊದಲು ಕ್ಷಯರೋಗಿಗಳ ಆರೋಗ್ಯಧಾಮವಾಗಿತ್ತು. ಸ್ಟ್ರೆಪ್ಟೊಮೈಸಿನ್ ಮುಂತಾದ ಔಷಧಗಳು ಬಂದು ಕ್ಷಯ ಇಳಿಮುಖವಾದಂತೆ ಅಲ್ಲಿಯ ಹಾಸಿಗೆಗಳು ಖಾಲಿಯಾಗತೊಡಗಿದ್ದವು. ಮಹಾನಗರದ ದೊಡ್ಡ ಆಸ್ಪತ್ರೆಯ ಪ್ರತಿಷ್ಠೆಯನ್ನು ಬದಿಗಿಟ್ಟು ಚಾರ್ನ್ಲಿಯವರು ಕ್ರಮೇಣ ತಮ್ಮ ಸಮಯವನ್ನೆಲ್ಲ ಹಳ್ಳಿಗಾಡಿನ ಈ ಆಸ್ಪತ್ರೆಗೆ, ಒಂದೇ ಒಂದು ಕೀಲಿಗೆ, ಮೀಸಲಿಟ್ಟರು. 1957ರಲ್ಲಿ, ನಲವತ್ತು ದಾಟಿದ ಮೇಲೆ, ಅವರ ವಿವಾಹವಾಯಿತು. ಒಬ್ಬ ಮಗ, ಒಬ್ಬ ಮಗಳು ಹುಟ್ಟಿದರು.

ಆಗ ತಿಳಿದಿದ್ದ ಘನಪದಾರ್ಥಗಳಲ್ಲಿ ಅತ್ಯಂತ ನುಣುಪಾದುದು ಟೆಫ್ಲಾನ್. 1938ರಲ್ಲಿ ಅಮೆರಿಕದಲ್ಲಿ ಆಕಸ್ಮಿಕವಾಗಿ ದೊರೆತ ಪದಾರ್ಥ ಅದು. ದೋಸೆ ಅಂಟದ ಕಾವಲಿಯ ಮೇಲೆ ಬಳಿಯುವುದು ಇದನ್ನೇ. ಯಾವ ರಾಸಾಯನಿಕಕ್ಕೂ ಸುಲಭವಾಗಿ ಜಗ್ಗದ ಇದು ದೇಹದೊಳಗೂ ತಟಸ್ಥವಾಗಿ ಇದ್ದೀತೆಂದು ತೋರಿತು. ಮೊದಲು ಚೆಂಡಿಗೊಂದು, ಬಟ್ಟಲಿಗೊಂದು ಎಂದು ಎರಡು ತೆಳುವಾದ ಟೆಫ್ಲಾನ್ ಹೊದಿಕೆಗಳನ್ನು ತೊಡಿಸಿ ನೋಡಿದರು. ಹೊದಿಕೆಯೊಳಗಿನ ಎಲುಬಿಗೆ ರಕ್ತ ಸಂಚಾರವಿಲ್ಲದೆ ಅದು ಸೊರಗಿತು. ಆಮೇಲೆ ಕೀಲನ್ನು ಬೇರೆಯೇ ರೀತಿಯಲ್ಲಿ ಕಟ್ಟಿದರು. ತೊಡೆಯೆಲುಬಿನ ಚೆಂಡನ್ನು ತೆಗೆದು, ಉದ್ದನೆಯ ಕಾಂಡವುಳ್ಳ ಉಕ್ಕಿನ ಚೆಂಡನ್ನು ಎಲುಬಿನ ಟೊಳ್ಳಿನೊಳಕ್ಕೆ ಇಳಿಸಿದರು. ಸೊಂಟದ ಗುಳಿಗೆ ದಪ್ಪನೆಯ ಟೆಫ್ಲಾನ್ ಬಟ್ಟಲನ್ನು ಕೂರಿಸಿದರು. ಬಟ್ಟಲುಗಳನ್ನು ಮನೆಯ ಲೇತಿನಲ್ಲಿ ತಾವೇ ಕಡೆದದ್ದೂ ಉಂಟು.

ಇಲ್ಲಿ ಎರಡು ಜಾಣ್ಮೆಗಳನ್ನು ಗಮನಿಸಬೇಕು. ಒಂದು, ಚೆಂಡಿನ ಗಾತ್ರ. ಬೀಸುವ ಕಲ್ಲಿನ ಗೂಟ ಅಂಚಿನಲ್ಲಿದ್ದರೆ ಕಲ್ಲು ಸುಲಭವಾಗಿ ತಿರುಗುತ್ತದೆ. ಗೂಟ ನಡುವಿಗೆ ಸರಿದಷ್ಟೂ ತಿರುಗಿಸುವುದು ಕಷ್ಟ. ಘರ್ಷಣೆಯ ಬಲ ಹಿಡಿದು ತಿರುಚುವುದು ಚೆಂಡಿನ ಮೈಯನ್ನು. ಚೆಂಡು ಚಿಕ್ಕದಾದರೆ ಆ ಬಲ ನಡುವಿಗೆ ಹತ್ತಿರವಾಗಿ, ಬಟ್ಟಲನ್ನು ತಿರುಚಿ ಸಡಿಲಿಸುವ ಶಕ್ತಿ ಕುಗ್ಗುತ್ತದೆ. ಹುಟ್ಟಿನಿಂದ ಬಂದ ಚೆಂಡಿನ ಅಡ್ಡಳತೆ ಸಾಮಾನ್ಯವಾಗಿ ನಲವತ್ತು ಮಿಲಿಮೀಟರಿಗೂ ಮಿಗಿಲು. ಚಾರ್ನ್ಲಿಯವರು ಹಂತಹಂತವಾಗಿ ತಗ್ಗಿಸಿ ಸುಮಾರು 22 ಮಿಲಿಮೀಟರಿಗೆ ಇಳಿಸಿದರು. ಪ್ರಕೃತಿಯ ಅಳತೆಯನ್ನು ಕಣ್ಣುಮುಚ್ಚಿ ಅನುಕರಿಸದೆ, ತಮ್ಮ ಕೈಯಲ್ಲಿದ್ದ ಪದಾರ್ಥಕ್ಕೆ ಯಾವ ಅಳತೆ ಹಿತವೆಂದು ಅವರು ಕೇಳಿಕೊಂಡರು. ಎರಡನೆಯದು, ಕೀಲನ್ನು ಎಲುಬಿಗೆ ಕೂರಿಸುವ ಬಗೆ. ಮ್ಯಾಂಚೆಸ್ಟರಿನ ದಂತವೈದ್ಯಶಾಲೆಯಲ್ಲಿ ಪದಾರ್ಥಗಳ ಅಧ್ಯಯನದಲ್ಲಿ ತೊಡಗಿದ್ದ ಡೆನಿಸ್ ಸ್ಮಿತ್ ಎಂಬ ವಿಜ್ಞಾನಿ, ಕಟ್ಟುಹಲ್ಲಿಗೆ ಬಳಸುವ ಅಕ್ರಿಲಿಕ್ಕನ್ನು ಪ್ರಯತ್ನಿಸುವಂತೆ ಸಲಹೆಯಿತ್ತರು. ಪುಡಿಯನ್ನೂ ದ್ರವವನ್ನೂ ಕಲಸಿದರೆ ಕಣಕದಂತಾಗಿ ಕೆಲವೇ ನಿಮಿಷಗಳಲ್ಲಿ ಕಲ್ಲಾಗುವ ವಸ್ತುವದು. ಇದು ಅಂಟಲ್ಲ. ಗೋಡೆಯ ತೂತಿಗೆ ಗೂಟವಿಟ್ಟು ಸುತ್ತ ಗಾರೆ ತುಂಬಿದರೆ ಗೂಟ ಹೇಗೆ ಅಲುಗುವುದಿಲ್ಲವೋ ಹಾಗೆ, ಎಲುಬಿನ ಸಂದುಗೊಂದುಗಳಲ್ಲೆಲ್ಲ ಹೊಕ್ಕು ಭಾರವನ್ನು ಸಮನಾಗಿ ಹಂಚುತ್ತದೆ. 1958ರಿಂದ ಚಾರ್ನ್ಲಿಯವರು ಈ ಗಾರೆಯನ್ನು ಬಳಸತೊಡಗಿದರು.

ಫಲ ಬೆರಗುಗೊಳಿಸುವಂತಿತ್ತು. ಹಲವು ವರ್ಷ ನೋವಿನಲ್ಲಿ ಬೆಂದವರು ಎದ್ದು ನಡೆದರು. 1961ರ ಮೇ ತಿಂಗಳಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಅವರ ಲೇಖನ ಪ್ರಕಟವಾಯಿತು. ಸುಮಾರು 300 ಮಂದಿ ರೋಗಿಗಳ ದೇಹದಲ್ಲಿ ಟೆಫ್ಲಾನ್ ಬಟ್ಟಲುಗಳು ಸೇರಿಕೊಂಡವು.

ಆಮೇಲೆ ಅವರಲ್ಲಿ ಒಬ್ಬೊಬ್ಬರಾಗಿ ಹಿಂದಿರುಗಿ ಬರತೊಡಗಿದರು. ಮೂರು ವರ್ಷ ಸುಖವಾಗಿ ನಡೆದವರಿಗೆ ಮತ್ತೆ ನೋವು. ಎಕ್ಸ್-ರೇ ಚಿತ್ರ ತೆಗೆದು ನೋಡಿದರೆ ಉಕ್ಕಿನ ಚೆಂಡು ಟೆಫ್ಲಾನ್ ಬಟ್ಟಲನ್ನು ಕೊರೆಯುತ್ತ ಕೊರೆಯುತ್ತ ಮೇಲಕ್ಕೇರಿತ್ತು. ಟೆಫ್ಲಾನ್ ನುಣುಪೇನೋ ಹೌದು. ಆದರೆ ಭಾರ ಹೊತ್ತು ಉಜ್ಜುವಾಗ ಅದು ಬೇಗ ಸವೆಯುತ್ತದೆ. ಸವೆದ ಪುಡಿ ಸುತ್ತಲಿನ ಅಂಗಾಂಶವನ್ನು ಕೆರಳಿಸಿ, ಗಿಣ್ಣಿನಂತಹ ಮುದ್ದೆಯಾಗಿ ತುಂಬಿಕೊಂಡು, ಎಲುಬನ್ನೂ ತಿನ್ನುತ್ತಿತ್ತು. ಜಾರುವ ಗುಣ ಬೇರೆ, ಸವೆಯದಿರುವ ಗುಣ ಬೇರೆ. ಮೊದಲನೆಯದನ್ನು ಕಂಡು ಎರಡನೆಯದೂ ಇದ್ದೀತೆಂದು ನಂಬಿದ್ದಾಗಿತ್ತು.

ಇಂತಹ ಸಂದರ್ಭದಲ್ಲಿ ದೋಷವನ್ನು ರೋಗಿಯ ದೇಹದ ಮೇಲೆ ಹೊರಿಸಬಹುದಾಗಿತ್ತು, ಅಥವಾ ಮೌನವಾಗಿ ಬೇರೆ ಕೆಲಸಕ್ಕೆ ತಿರುಗಬಹುದಾಗಿತ್ತು. ಚಾರ್ನ್ಲಿಯವರು ಎರಡನ್ನೂ ಮಾಡಲಿಲ್ಲ. ತಮ್ಮ ಸೋಲನ್ನು ವೈದ್ಯಲೋಕದ ಮುಂದೆ ಒಪ್ಪಿಕೊಂಡರು. ಸವೆದ ಬಟ್ಟಲುಗಳನ್ನು ತೆಗೆದು ಮರಳಿ ಶಸ್ತ್ರಚಿಕಿತ್ಸೆ ಮಾಡುವ ಹೊಣೆಯನ್ನು ಹೊತ್ತರು. ಒಮ್ಮೆ ಕೆಡಿಸಿದ್ದನ್ನು ಮತ್ತೆ ಕಟ್ಟುವುದು ಹೊಸದನ್ನು ಕಟ್ಟುವುದಕ್ಕಿಂತ ಎಷ್ಟೋ ಪಾಲು ಕಠಿಣ. ಅಲ್ಲದೆ, ತೆಗೆದ ಬಟ್ಟಲಿನ ಸ್ಥಾನದಲ್ಲಿ ಇಡುವುದಕ್ಕೆ ನಂಬಿಕೆಗೆ ತಕ್ಕ ಪದಾರ್ಥ ಅವರ ಕೈಯಲ್ಲಿ ಇರಲಿಲ್ಲ.

ಅದು ಬಂದದ್ದು ಹತ್ತಿಯ ಗಿರಣಿಯ ದಾರಿಯಾಗಿ. ರೈಟಿಂಗ್‌ಟನ್ನಿನ ಕಾರ್ಯಾಗಾರದಲ್ಲಿ ಹ್ಯಾರಿ ಕ್ರೇವನ್ ಎಂಬ ಕುಶಲ ಯಂತ್ರಕರ್ಮಿ ಇದ್ದ. ಪದಾರ್ಥಗಳನ್ನು ಉಜ್ಜಿ ಸವೆತವನ್ನು ಅಳೆಯುವ ಯಂತ್ರವನ್ನು ನೋಡಿಕೊಳ್ಳುವುದು ಅವನ ಕೆಲಸ. 1962ರ ಮೇ ತಿಂಗಳಿನಲ್ಲಿ, ಮಗ್ಗದ ಯಂತ್ರಗಳಿಗೆ ಪ್ಲಾಸ್ಟಿಕ್ ಹಲ್ಲುಗಾಲಿಗಳನ್ನು ಮಾರುವ ವ್ಯಾಪಾರಿಯೊಬ್ಬ ಅಲ್ಲಿಗೆ ಬಂದು ಜರ್ಮನಿಯಲ್ಲಿ ತಯಾರಾದ ಹೊಸ ಬಗೆಯ ಪಾಲಿಥೀನಿನ ತುಂಡೊಂದನ್ನು ಕೊಟ್ಟುಹೋದ. ಅಂಗಡಿಯ ಚೀಲದ ಪಾಲಿಥೀನಿನ ಬಳಗವೇ ಇದು. ಆದರೆ ಇದರ ಅಣುಸರಪಳಿ ಬಹಳ ಉದ್ದ. ಅವು ಒಂದರೊಳಗೊಂದು ಹೆಣೆದುಕೊಂಡು ವಸ್ತುವಿಗೆ ಅಸಾಧಾರಣ ಗಟ್ಟಿತನ ಬರುತ್ತದೆ. ಕ್ರೇವನ್ ಅದನ್ನು ಚಾರ್ನ್ಲಿಯವರಿಗೆ ತೋರಿಸಿದ. ಅವರು ಹೆಬ್ಬೆರಳ ಉಗುರನ್ನು ಅದರ ಮೇಲೆ ಒತ್ತಿದರು. ಉಗುರಿನ ಗುರುತು ಮೂಡಿತು. ಇಷ್ಟು ಮೆತ್ತಗಿರುವುದರಿಂದ ಏನಾದೀತೆಂದು ಅದನ್ನು ಬದಿಗೆ ಸರಿಸಿ, ಕೋಪನ್‌ಹೇಗನ್ನಿಗೆ ಹೋಗಿಬಿಟ್ಟರು.

ಕ್ರೇವನ್ ಮಾತ್ರ ಆ ತುಂಡನ್ನು ಬಿಸಾಡಲಿಲ್ಲ. ಯಂತ್ರ ಹೇಗೂ ಬಿಡುವಾಗಿತ್ತು. ಅದಕ್ಕೆ ಕೂರಿಸಿ ಓಡಿಸಿದ. ಯಂತ್ರ ಹಗಲೂ ರಾತ್ರಿ ಉಜ್ಜುತ್ತಲೇ ಇತ್ತು. ಚಾರ್ನ್ಲಿಯವರು ಮರಳಿ ಬಂದು ಅಳತೆಯನ್ನು ನೋಡಿದರು. ಮೂರು ವಾರ ಉಜ್ಜಿದರೂ ಈ ಪಾಲಿಥೀನ್, ಟೆಫ್ಲಾನ್ ಒಂದೇ ದಿನದಲ್ಲಿ ಸವೆಯುವಷ್ಟೂ ಸವೆದಿರಲಿಲ್ಲ! ಟೆಫ್ಲಾನಿನಷ್ಟು ನುಣುಪು ಇದಕ್ಕಿಲ್ಲ, ನಿಜ. ಆದರೆ ಚಿಕ್ಕ ಚೆಂಡಿನ ಉಪಾಯ ಹೇಗೂ ಕೈಯಲ್ಲಿತ್ತು. ಘರ್ಷಣೆ ತುಸು ಹೆಚ್ಚಾದರೂ ಕೀಲು ತಾಳಿಕೊಳ್ಳಬಲ್ಲುದಾಗಿತ್ತು. ಮಹಾಶೋಧಗಳ ಕಥೆಯಲ್ಲಿ ಹ್ಯಾರಿ ಕ್ರೇವನ್ನನಂತಹವರ ಹೆಸರು ಸಾಮಾನ್ಯವಾಗಿ ಅಡಿಟಿಪ್ಪಣಿಗೆ ಇಳಿದುಬಿಡುತ್ತದೆ. ದೊಡ್ಡವರು ಬೇಡವೆಂದ ವಸ್ತುವನ್ನು ಯಂತ್ರಕ್ಕೆ ಒಪ್ಪಿಸಿ ಯಂತ್ರದ ತೀರ್ಪನ್ನು ಕಾದ ಈತನಿಗೆ ಅದಕ್ಕಿಂತ ಮೇಲಿನ ಸ್ಥಾನ ಸಲ್ಲಬೇಕು.

ಹಾಗೆಂದು ಚಾರ್ನ್ಲಿಯವರು ಆ ಕೂಡಲೇ ರೋಗಿಗಳ ದೇಹಕ್ಕೆ ಹೊಸ ಪದಾರ್ಥವನ್ನು ಸೇರಿಸಲಿಲ್ಲ. ಪರೀಕ್ಷೆಗಳನ್ನು ಮುಂದುವರಿಸಿ, ಆ ವರ್ಷದ ನವೆಂಬರಿನಲ್ಲಿ ಪಾಲಿಥೀನ್ ಬಟ್ಟಲನ್ನು ಮೊದಲು ಬಳಸಿದರು. ಇನ್ನೊಂದು ಪರೀಕ್ಷೆಯನ್ನು ಅವರು ತಮ್ಮ ಮೇಲೆಯೇ ನಡೆಸಿಕೊಂಡಿದ್ದರು. ಟೆಫ್ಲಾನಿನ ಕಣಗಳನ್ನೂ ಪಾಲಿಥೀನಿನ ಕಣಗಳನ್ನೂ ತಮ್ಮ ತೊಡೆಯಲ್ಲಿ ಹುದುಗಿಸಿಕೊಂಡು ತಿಂಗಳುಗಟ್ಟಲೆ ಕಾದರು. ಟೆಫ್ಲಾನ್ ಇದ್ದ ಕಡೆ ಗಂಟು ಬೆಳೆದು ಕೈಗೆ ಸಿಗುವಂತಾಯಿತು; ಪಾಲಿಥೀನ್ ಇದ್ದ ಕಡೆ ಹಾಗಾಗಲಿಲ್ಲ. 1963ರ ಕೊನೆಯಲ್ಲಿ ಈ ಸಂಗತಿಯನ್ನು ಲ್ಯಾನ್ಸೆಟ್ ಪತ್ರಿಕೆಗೆ ಬರೆದು ತಿಳಿಸಿದರು.

ಟೆಫ್ಲಾನಿನ ಪೆಟ್ಟು ಅವರನ್ನು ಎಷ್ಟು ಎಚ್ಚರಿಸಿತ್ತೆಂಬುದು ಮುಂದಿನ ನಡತೆಯಿಂದ ತಿಳಿಯುತ್ತದೆ. ಹೊಸ ಕೀಲಿಗೆ ಎಲ್ಲೆಡೆಯಿಂದ ಬೇಡಿಕೆ ಬಂತು. ಲೀಡ್ಸ್ ನಗರದ ಥ್ಯಾಕ್ರೆ ಕಂಪನಿ ಅದನ್ನು ತಯಾರಿಸುತ್ತಿತ್ತು. ಆದರೆ ರೈಟಿಂಗ್‌ಟನ್ನಿಗೆ ಬಂದು ವಿಧಾನವನ್ನು ಕಣ್ಣಾರೆ ಕಂಡು ಕಲಿತವರ ಹೊರತು ಉಳಿದವರಿಗೆ ಮಾರಕೂಡದೆಂದು ಚಾರ್ನ್ಲಿಯವರು ಹಲವು ವರ್ಷ ಕಟ್ಟಳೆ ಮಾಡಿದ್ದರು. ಇದರಿಂದ ಅವರಿಗೆ ಟೀಕೆಯೂ ಬಂತು. ಅವರು ಸ್ವಭಾವತಃ ಕಟ್ಟುನಿಟ್ಟಿನವರು, ಉದಾಸೀನವನ್ನು ಸಹಿಸದವರು. ಆದರೆ ಮೂರು ವರ್ಷ ಚೆನ್ನಾಗಿದ್ದು ನಾಲ್ಕನೆಯ ವರ್ಷ ಕೆಟ್ಟ ಕೀಲನ್ನು ಕಂಡವರಿಗೆ ಅವಸರ ಹೇಗೆ ಬಂದೀತು?

ಇನ್ನೊಂದು ಶತ್ರು ಉಳಿದಿತ್ತು, ಅದು ನಂಜು. ಕೃತಕ ಕೀಲಿನ ಸುತ್ತ ರೋಗಾಣು ಸೇರಿದರೆ ಕೀಲನ್ನೇ ಹೊರತೆಗೆಯಬೇಕಾಗಬಹುದು. ಮೊದಲ ವರ್ಷಗಳಲ್ಲಿ ನೂರಕ್ಕೆ ಏಳೆಂಟು ಮಂದಿಗೆ ಹೀಗಾಗುತ್ತಿತ್ತು. ರೋಗಾಣುಗಳು ಶಸ್ತ್ರಚಿಕಿತ್ಸಾ ಕೊಠಡಿಯ ಗಾಳಿಯಿಂದಲೇ ಬರುತ್ತಿರಬೇಕೆಂದು ಚಾರ್ನ್ಲಿಯವರು ತರ್ಕಿಸಿದರು. ಇಲ್ಲಿಯೂ ನೆರವಿಗೆ ಬಂದದ್ದು ಗಿರಣಿಗಳ ನಾಡಿನ ಅನುಭವವೇ. ಗಿರಣಿಗಳಿಗೆ ಗಾಳಿಯ ವ್ಯವಸ್ಥೆ ಮಾಡುತ್ತಿದ್ದ ಹೋವರ್ತ್ ಕಂಪನಿಯೊಡನೆ ಸೇರಿ, ಕೊಠಡಿಯೊಳಗೆ ಗಾಜಿನ ಮನೆಯಂತಹ ಇನ್ನೊಂದು ಚಿಕ್ಕ ಕೊಠಡಿಯನ್ನು ಕಟ್ಟಿಸಿದರು. ಸೋಸಿದ ಗಾಳಿ ಮೇಲಿನಿಂದ ಕೆಳಕ್ಕೆ ಸತತವಾಗಿ ಹರಿಯುವಂತೆ ಮಾಡಿದರು. ವೈದ್ಯರ ಉಸಿರೂ ಗಾಯಕ್ಕೆ ತಾಗದಂತೆ ಅದನ್ನು ಕೊಳವೆಯಿಂದ ಹೊರಗೆ ಸೆಳೆಯುವ ಉಡುಪನ್ನು ರೂಪಿಸಿದರು. ಹತ್ತು ವರ್ಷಗಳ ಇಂತಹ ಸುಧಾರಣೆಗಳಿಂದ ನಂಜಿನ ಪ್ರಮಾಣ ನೂರಕ್ಕೆ ಒಂದಕ್ಕಿಂತ ಕೆಳಗಿಳಿಯಿತು.

ಗೌರವಗಳು ತಾವಾಗಿಯೇ ಬಂದವು. 1974ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ, 1975ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ, 1977ರಲ್ಲಿ ಸರ್ ಪದವಿ. 1979ರಲ್ಲಿ ತಮ್ಮ ಅನುಭವವನ್ನೆಲ್ಲ ದೊಡ್ಡ ಗ್ರಂಥವಾಗಿ ಬರೆದರು. 1982ರ ಆಗಸ್ಟ್ 5ರಂದು, ಎಪ್ಪತ್ತೊಂದು ತುಂಬಲು ಕೆಲವು ದಿನಗಳಿರುವಾಗ, ಅವರು ನಿಧನರಾದರು. ಅವರು ತೋರಿದ ದಾರಿಯಲ್ಲಿ ಇಂದು ಜಗತ್ತಿನಾದ್ಯಂತ ಪ್ರತಿವರ್ಷ ಲಕ್ಷಗಟ್ಟಲೆ ಜನ ಹೊಸ ಕೀಲು ಪಡೆಯುತ್ತಾರೆ. ಪಾಲಿಥೀನೂ ಪೂರ್ತಿ ನಿರಪಾಯವಲ್ಲ, ಅದರ ಸೂಕ್ಷ್ಮ ಕಣಗಳೂ ಕಾಲಾಂತರದಲ್ಲಿ ಕೆಲವರ ಎಲುಬನ್ನು ಸವೆಸುತ್ತವೆ ಎಂದು ಮುಂದೆ ತಿಳಿಯಿತು. ವಿಕಿರಣದಿಂದ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆದು ಇನ್ನೂ ಗಟ್ಟಿಗೊಳಿಸಿದ ಪಾಲಿಥೀನ್ 1990ರ ದಶಕದ ಕೊನೆಯಿಂದ ಬಳಕೆಗೆ ಬಂದಿದೆ.

ಚಾರ್ನ್ಲಿಯವರು ತಮ್ಮ ರೋಗಿಗಳಲ್ಲಿ ಒಂದು ವಿಚಿತ್ರವಾದ ಬೇಡಿಕೆಯನ್ನು ಇಡುತ್ತಿದ್ದರು. ಮರಣಾನಂತರ ಅವರ ಕೃತಕ ಕೀಲನ್ನು ಪರೀಕ್ಷೆಗಾಗಿ ಆಸ್ಪತ್ರೆಗೆ ಹಿಂದಿರುಗಿಸಲು ಒಪ್ಪಿಗೆ ನೀಡಬೇಕೆಂಬುದೇ ಅದು. ಯಂತ್ರ ವಾರಗಳಲ್ಲಿ ಹೇಳುವುದು ಒಂದು, ಮನುಷ್ಯ ಹತ್ತಿಪ್ಪತ್ತು ವರ್ಷ ನಡೆದು ಹೇಳುವುದು ಇನ್ನೊಂದು ಎಂದು ಅವರು ಅರಿತಿದ್ದರು. ಬಹುಮಂದಿ ಸಂತೋಷದಿಂದ ಒಪ್ಪಿದರು. ಹೀಗೆ ಮರಳಿದ ಬಟ್ಟಲುಗಳ ಸವೆತವನ್ನು ಅಳೆಯುವ ಕೆಲಸವನ್ನು, ಅವರು ತೀರಿಕೊಂಡ ಮೇಲೂ, ರೈಟಿಂಗ್‌ಟನ್ನಿನ ವೈದ್ಯರು ಮುಂದುವರಿಸಿಕೊಂಡು ಬಂದರು.